ಬದಲಾಪುರದ ಗುಂಡಿ ಮತ್ತು ಗೋಡಂಬಿಯಷ್ಟು ಮಾಸು

ನನ್ನ ಮೊಮ್ಮಗಳು ಹುಟ್ಟಿದ ದಿನವೇ ಅವಳ ಒಂದು ಚೂರು ಲೋಕಲ್ ಟ್ರೇನಿನಲ್ಲಿ ಕೂತು ನವಿ ಮುಂಬಯಿಗೆ ಹೋಯಿತು. ಉಳಿದವಳು ಬದಲಾಪುರದ ನರ್ಸಿಂಗ್ ಹೋಮಿನಲ್ಲಿ ನನ್ನ ಬೆರಳು ಹಿಡಿದುಕೊಂಡು ಮಲಗಿದ್ದಳು. ಇದನ್ನು ಯಾರಿಗೆ ಹೇಳಿದರೂ ನಗುತ್ತಾರೆ. ನಗಲಿ. ನಾನು ಓದಿದ್ದು ಉಡುಪಿ ಕಡೆಯ ಒಂದು ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ. ಆಮೇಲೆ ಓದಿದ್ದು ಏನಿದ್ದರೂ ಸ್ಟೇಷನ್ನಿನ ಬೋರ್ಡು, ಔಷಧಿಯ ಬಾಟಲಿ, ಹಾಲಿನ ಪ್ಯಾಕೆಟ್ಟು. ಆದರೂ ಬರೆಯದೆ ಇರಲಾಗುವುದಿಲ್ಲ. ಸಂತೋಷ ಹೆಚ್ಚಾದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಡೊಂಬಿವಲಿಯ ನಮ್ಮ ಮನೆಯಲ್ಲಿ ಓಡಾಡಲು ಇರುವುದು ಎರಡೇ ಕೋಣೆ, ಅದಕ್ಕೆ ಕಾಗದದ ಮೇಲೆ ಓಡಾಡುತ್ತಿದ್ದೇನೆ.

ಇದು ಕೊರೋನಾ ಬರುವುದಕ್ಕೆ ಸ್ವಲ್ಪ ಮುಂಚಿನ ಮಾತು. ನನ್ನ ಮಗಳು ನವಿ ಮುಂಬಯಿಯ ಒಂದು ಸಂಶೋಧನಾಲಯದಲ್ಲಿ ಕೆಲಸಕ್ಕಿದ್ದಳು. ಬಿಲ್ಡಿಂಗಿನವರು ಏನು ಕೆಲಸ ಎಂದು ಕೇಳಿದರೆ ನಾನು "ಮೈಯ ನಕ್ಷೆ ಮಾಡುವುದು" ಎನ್ನುತ್ತಿದ್ದೆ. ಅವರು ಟೈಲರಿಂಗ್ ಎಂದು ತಿಳಿದು ಬ್ಲೌಸಿನ ಅಳತೆ ಕೊಡಲು ಬರುತ್ತಿದ್ದರು. ಒಮ್ಮೆ ನನಗೇ ತಡೆಯಲಾಗದೆ ಮಗಳನ್ನು ಕೂರಿಸಿ ಕೇಳಿದೆ.

"ಅಮ್ಮಾ, ಸಂಜೆ ಠಾಣೆ ಸ್ಟೇಷನ್ನಿನ ಬ್ರಿಜ್ ಮೇಲಿಂದ ಕೆಳಗೆ ನೋಡಿದ್ರೆ ಎಂತ ಕಾಣ್ತದೆ?"

"ತಲೆ."

"ಹಾಂ, ಬರೀ ತಲೆ. ಮೈಯನ್ನೂ ಇಷ್ಟು ದಿನ ಹಾಗೇ ನೋಡ್ತಿದ್ರು, ಎಲ್ಲ ಒಟ್ಟಿಗೆ. ನಾವು ಆ ಗರ್ದಿಯಿಂದ ಒಬ್ಬೊಬ್ಬರನ್ನೇ ಬೇರೆ ಮಾಡಿ ಕೇಳ್ತೇವೆ. ನೀನು ಯಾರು, ಎಲ್ಲಿಯವಳು, ಏನು ಕೆಲಸ ಮಾಡ್ತಿ. ಮೈಯಲ್ಲಿ ಇರುವ ಒಂದೊಂದು ಜೀವಕೋಶವನ್ನೂ ಹೀಗೆ ಕೇಳಿ, ಒಂದೇ ಥರದವರನ್ನು ಹತ್ತಿರ ಹತ್ತಿರ ಕೂರಿಸಿದ್ರೆ ಅದೇ ನಕ್ಷೆ."

"ಒಬ್ಬೊಬ್ಬರನ್ನೇ ಕೇಳ್ತಾ ಕೂತರೆ ಟ್ರೇನು ಹೋಗುದಿಲ್ವಾ ಮಾರಾಯ್ತಿ?"

"ಹೋಗ್ತದೆ. ಅದೇ ನಮ್ಮ ಟೆನ್ಶನ್. ಬೇಗ ಕೇಳದಿದ್ರೆ ಉತ್ತರ ಕೊಡುವ ಮೊದಲೇ ಸಾಯ್ತಾರೆ."

ಆ ದಿನದಿಂದ ಟ್ರೇನಿನ ಲೇಡೀಸ್ ಡಬ್ಬಿಯಲ್ಲಿ ಹೋಗುವಾಗ ನನಗೆ ಅದೇ ಚಟ. ಬಟಾಣಿ ಸುಲಿಯುತ್ತಾ ಕೂತವಳು ಹೊಟ್ಟೆ. ಮೂವರ ಸೀಟಿನಲ್ಲಿ ನಾಲ್ಕನೆಯವಳಾಗಿ ತೂರಿಕೊಂಡವಳು ಕೊಬ್ಬು. ದಿವಾ ಸ್ಟೇಷನ್ನಿನಲ್ಲಿ ಬಾಗಿಲಿಗೆ ಅಡ್ಡ ನಿಂತು ಯಾರನ್ನೂ ಒಳಗೆ ಬಿಡದವಳು ಚರ್ಮ. ಮಗಳಿಗೆ ಹೇಳಿದೆ. ಅವಳು ತಲೆ ಚಚ್ಚಿಕೊಂಡರೂ ಚರ್ಮದ ವಿಷಯ ಸರಿಯಾಗಿದೆ ಎಂದಳು.

ಅವಳ ಪಾಲಿಗೆ ಬಂದ ಕೆಲಸ ಮಾಸಿನದು. ಮಗುವಿನ ಹಿಂದೆಯೇ ಹೊರಗೆ ಬೀಳುತ್ತದಲ್ಲ, ಒಂಬತ್ತು ತಿಂಗಳು ಅದಕ್ಕೆ ಅನ್ನ ನೀರು ಗಾಳಿ ಎಲ್ಲವನ್ನೂ ದಾಟಿಸಿಕೊಟ್ಟದ್ದು, ಅದು. ದಿನ ತುಂಬಿದ, ಆರೋಗ್ಯವಂತ ತಾಯಿಯ ಮಾಸು ಬೇಕು, ಅದೂ ಜೀವ ಇರುವಾಗಲೇ ಪ್ರಯೋಗಶಾಲೆಗೆ ತಲುಪಬೇಕು. ಅಲ್ಲಿ ಇಲ್ಲಿ ಸಿಕ್ಕಿದ್ದು ದಾರಿಯಲ್ಲೇ ಹಾಳಾಗಿ ಹುಡುಗಿ ಸೊರಗಿದ್ದಳು. ಅದೇ ಹೊತ್ತಿಗೆ ನನ್ನ ಸೊಸೆಗೆ ದಿನ ತುಂಬಿತು. ಚೊಚ್ಚಲ ಬಾಣಂತನ ತವರಿನಲ್ಲಿ, ಅಂದರೆ ಬದಲಾಪುರದಲ್ಲಿ. ಸೊಸೆ "ತಗೋರಿ, ನನಗೇನು, ಉಪ್ಪಿನಕಾಯಿ ಹಾಕ್ಲೇನು ಅದನ್ನ" ಎಂದು ನಗುತ್ತಾ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದಳು. ಡಾಕ್ಟರರೂ ಒಪ್ಪಿದರು. ಸೊಸೆಯ ತಾಯಿಯನ್ನು, ಅಂದರೆ ನಮ್ಮ ಬೀಗಿತ್ತಿಯನ್ನು ಒಂದು ಮಾತು ಕೇಳಬೇಕೆಂದು ಮಾತ್ರ ಯಾರಿಗೂ ಹೊಳೆಯಲಿಲ್ಲ.

ಬೀಗಿತ್ತಿ ವಿಜಾಪುರದ ಕಡೆಯವರು. ಬದಲಾಪುರದಲ್ಲಿ ಅವರದು ಒಂದೇ ಅಂತಸ್ತಿನ ಸಣ್ಣ ಮನೆ, ಹಿಂದುಗಡೆ ಚಾಪೆಯಗಲದ ಮಣ್ಣು. ಆ ಮಣ್ಣಿನ ಮೇಲೆ ಅವರಿಗೆ ಬಹಳ ಅಭಿಮಾನ. ಮಗುವಿನ ಮಾಸನ್ನು ಅಲ್ಲಿ ಹೂಳಿ ಮೇಲೆ ಗಿಡ ನೆಡುವುದು ಅವರ ಮನೆತನದ ಪದ್ಧತಿ. ನಮ್ಮೂರಲ್ಲೂ ಹೂಳುತ್ತಿದ್ದರು, ಆದರೆ ನನ್ನ ಎರಡೂ ಹೆರಿಗೆಯಲ್ಲಿ ಆಸ್ಪತ್ರೆಯವರು ಏನು ಮಾಡಿದರೋ ನಾನು ಕೇಳಿದವಳಲ್ಲ. ಮೂರನೇ ಮಾಳಿಗೆಯಲ್ಲಿ ಇರುವವರು ಎಲ್ಲಿ ಹೂಳುವುದು? ಗುಂಡಿಯ ಸುದ್ದಿ ನಮಗೆ ಮೊದಲೇ ಗೊತ್ತಿತ್ತು. ನಮ್ಮ ಕಡೆಯದ್ದೂ ಒಂದು ಇರಲಿ ಎಂದು ನಮ್ಮ ಯಜಮಾನರು ಉಡುಪಿಯಿಂದ ರಾತ್ರಿ ಬಸ್ಸಿನಲ್ಲಿ ಒಂದು ತೆಂಗಿನ ಸಸಿಯನ್ನೂ ತರಿಸಿದ್ದರು. ಅಷ್ಟು ದೊಡ್ಡ ಮಾಸಿನಲ್ಲಿ ಒಂದು ಚೂರು ಕಡಿಮೆಯಾದರೆ ಗುಂಡಿಗೆ ಏನು ಗೊತ್ತಾಗುತ್ತದೆ ಎಂದುಕೊಂಡಿದ್ದೆವು.

ಹೆಣ್ಣುಮಗು ಹುಟ್ಟಿತು. ಅಯ್ಯೋ, ಆ ಮೂಗು! ಅಂಗಿಯ ಗುಂಡಿ ಒತ್ತಿದ ಹಾಗೆ ಇತ್ತು. ನಾನು ನೋಡಿ, ಅತ್ತು, ನಕ್ಕು, ಮತ್ತೆ ನೋಡಿ ಹೊರಗೆ ಬರುತ್ತೇನೆ, ಕಾರಿಡಾರಿನಲ್ಲಿ ಯುದ್ಧ. ಒಂದು ಕಡೆ ನೀಲಿ ಐಸ್ ಪೆಟ್ಟಿಗೆ ಹಿಡಿದುಕೊಂಡು ನನ್ನ ಮಗಳು. ಇನ್ನೊಂದು ಕಡೆ ಅರಿಶಿನ ಹಚ್ಚಿದ ಹೊಸ ಮಣ್ಣಿನ ಗಡಿಗೆ ಹಿಡಿದುಕೊಂಡು ಬೀಗಿತ್ತಿ. ನಡುವೆ ಸ್ಟೀಲಿನ ತಟ್ಟೆ ಹಿಡಿದುಕೊಂಡು ನರ್ಸು, ಯಾರ ಪಾತ್ರೆಗೆ ಹಾಕಬೇಕೆಂದು ತಿಳಿಯದೆ.

"ಅಲ್ಲವಾ ತಂಗಿ, ನಮ್ಮ ಮನಿತನದಾಗ ಮಾಸು ಅಖಂಡ ಹೂಳೂದು. ಒಂದ್ ಚೂರು ಹೊರಗ ಉಳೀತಂದ್ರ ಕೂಸು ದೊಡ್ಡದಾದ ಮ್ಯಾಲ ಅದನ್ನ ಹುಡುಕ್ಕೋತ ಊರೂರು ತಿರುಗತೈತಿ."

"ಆಂಟಿ, ಪ್ಲೀಸ್, ಟೈಮ್ ಹೋಗ್ತಾ ಉಂಟು. ಒಂದು ಅಡಿಕೆಯಷ್ಟು ಸಾಕು."

"ಇಡೀ ಅಡಿಕಿನೋ, ಹೋಳೋ?"

"ಹೋಳು."

"ಹೋಳು ಆಗಂಗಿಲ್ಲ. ಶೇಂಗಾಕಾಳಿನಷ್ಟು ತಗೋ."

"ಶೇಂಗಾದಲ್ಲಿ ಎಂತ ಸಿಗ್ತದೆ ಆಂಟಿ?"

"ಜಲ್ದಿ ಕರಾ ಹೋ," ಎಂದು ನರ್ಸು ಮರಾಠಿಯಲ್ಲಿ ಅವಸರ ಮಾಡಿದಳು.

ನಮ್ಮ ಯಜಮಾನರು ಡೊಂಬಿವಲಿ ಸ್ಟೇಷನ್ ಹತ್ತಿರದ ಹೋಟೆಲಿನ ಗಲ್ಲೆಯಲ್ಲಿ ದುಡ್ಡು ಎಣಿಸುತ್ತಾ ಕೂತು ಆಯುಷ್ಯ ಕಳೆದವರು. ಗಿರಾಕಿಗಳ ಜಗಳ ಬಿಡಿಸಿ ಅಭ್ಯಾಸ. "ಇಬ್ಬರದ್ದೂ ಬೇಡ, ಗೋಡಂಬಿಯಷ್ಟು ಅಂತ ಇಟ್ಕೊಳ್ಳುವಾ," ಎಂದರು. ಡಾಕ್ಟರರು ಒಳಗಿನಿಂದ ಇಣುಕಿ "ಗೋಡಂಬಿ ಇಡೀದಾ, ತುಂಡಾ" ಎಂದು ಕೇಳಿದರು. ಅವರು ತಮಾಷೆ ಮಾಡಿದ್ದು, ಆದರೆ ಬೀಗಿತ್ತಿ ಗಂಭೀರವಾಗಿ "ತುಂಡು" ಎಂದರು, ಮಗಳು "ಇಡೀದು" ಎಂದಳು. ಕೊನೆಗೆ ಇಡೀ ಗೋಡಂಬಿಗೆ ತೀರ್ಮಾನವಾಯಿತು, ಒಂದು ಷರತ್ತಿನ ಮೇಲೆ.

"ದಾನ ಅಲ್ಲ ಮತ್ತ. ಹೆಪ್ಪಿಗೆ ಮಜ್ಜಿಗಿ ಇಸ್ಕೊಂಡ್ ಹೋದವ್ರು ಹೆಂಗ ತಿರುಗಿ ಕೊಡ್ತಾರ, ಹಂಗ ಕೊಡಬೇಕು. ಅಲ್ಲೀತನಕ ನಾ ಗುಂಡಿ ಮುಚ್ಚಂಗಿಲ್ಲ. ಗುಂಡಿ ಮುಚ್ಚೂತನಕ ತೊಟ್ಟಿಲ ಹಾಕಂಗಿಲ್ಲ."

ಮಗಳು ಗಡಿಯಾರ ನೋಡಿದಳು. "ಹ್ಞೂಂ ಆಂಟಿ, ಪಕ್ಕಾ, ತಂದು ಕೊಡ್ತೇನೆ!" ಎಂದು ಕೂಗಿ ಪೆಟ್ಟಿಗೆ ಹಿಡಿದುಕೊಂಡು ಸ್ಟೇಷನ್ನಿಗೆ ಓಡಿದಳು.

ಅವಳು ಓಡಿದ ಮೇಲೆ ನನಗೆ ಮೆಲ್ಲಗೆ ಅರ್ಥವಾಯಿತು. ತೊಟ್ಟಿಲು ಹಾಕದೆ ಹೆಸರಿಲ್ಲ. ಹೆಸರಿಡದೆ ಮಗು ತಂದೆಯ ಮನೆಗೆ ಬರುವ ಹಾಗಿಲ್ಲ. ಅಂದರೆ ಆ ಗೋಡಂಬಿ ಬದಲಾಪುರಕ್ಕೆ ವಾಪಸಾಗದೆ ನನ್ನ ಮೊಮ್ಮಗಳು ಡೊಂಬಿವಲಿಗೆ ಬರುವುದಿಲ್ಲ.

ಸಂಜೆ ಮಗಳು ಮನೆಗೆ ಬಂದಳು. ಮುಖದಲ್ಲಿ ದೀಪಾವಳಿ. "ಅಮ್ಮಾ, ಹೆಚ್ಚುಕಡಿಮೆ ಎಲ್ಲವೂ ಜೀವಂತ! ನಮ್ಮ ಮೇಡಂ ಕುಣಿಯುದೊಂದು ಬಾಕಿ!" ನಾನೂ ಅವಳೂ ಕೈ ಹಿಡಿದು ಅಡುಗೆಮನೆಯಲ್ಲಿ ಒಂದು ಸುತ್ತು ಕುಣಿದೆವು. ಆಮೇಲೆ ಕೇಳಿದೆ, "ಅದು ಯಾವಾಗ ವಾಪಸ್ ಸಿಗ್ತದೆ?"

"ಯಾವುದು?"

"ಗೋಡಂಬಿ."

ಅವಳು ನನ್ನ ಕೈ ಬಿಟ್ಟಳು. "ಅಮ್ಮಾ, ಅದನ್ನು ಮದ್ದಿನ ನೀರಿನಲ್ಲಿ ಹಾಕಿ ಬಿಡಿಬಿಡಿ ಮಾಡಿ ಆಯ್ತು. ಒಂದೊಂದನ್ನೂ ಒಂದೊಂದು ಹನಿಯೊಳಗೆ ಹಾಕಿ, ಗುರುತು ಹಚ್ಚಿ, ಒಡೆದು, ಒಳಗೆ ಏನು ಉಂಟು ಅಂತ ಓದುದು. ವಾಪಸ್ ಕೊಡ್ಲಿಕ್ಕೆ ಎಂತದೂ ಇಲ್ಲ."

"ಹಾಗಾದರೆ ಯಾಕೆ ಹ್ಞೂಂ ಅಂದದ್ದು?"

"ಟ್ರೇನ್ ಇತ್ತು, ಅಮ್ಮಾ."

ಹೀಗೆ ಶುರುವಾಯಿತು ನಮ್ಮ ವನವಾಸ. ಬೀಗಿತ್ತಿ ಗಡಿಗೆಯನ್ನು ಗುಂಡಿಯಲ್ಲಿಟ್ಟು, ಅರ್ಧ ಮಣ್ಣು ಮುಚ್ಚಿ, ಉಳಿದರ್ಧ ಬಾಕಿ ಇಟ್ಟರು. ಮಳೆಗಾಲ ಬಂತು. ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಕೆಲಸಕ್ಕಿದ್ದ ಬೀಗರು, ಬಹಳ ಮೌನದ ಮನುಷ್ಯ, ಒಂದು ದಪ್ಪ ತಗಡು ತಂದು ಗುಂಡಿಯ ಮೇಲೆ ಹೊದಿಸಿದರು. ಅದರ ಮೇಲೆ ಮಳೆ ಬಿದ್ದರೆ ಬ್ಯಾಂಡು ಬಾರಿಸಿದ ಹಾಗೆ. ಮಗುವಿಗೆ ಆ ಶಬ್ದ ಇಲ್ಲದೆ ನಿದ್ದೆಯೇ ಬರುವುದಿಲ್ಲ ಎನ್ನುವಂತಾಯಿತು. ಒಳಗೆ ಕಪ್ಪೆಗಳು ಸಂಸಾರ ಹೂಡಿದವು. ಪಕ್ಕದ ಮನೆಯವರು ನೀರಿನ ಹೊಸ ಪೈಪು ಬರುತ್ತಿದೆ ಎಂದು ತಿಳಿದು ತಮಗೂ ಒಂದು ಕನೆಕ್ಷನ್ ಕೊಡಿಸಿ ಎಂದು ಹೇಳಿಹೋದರು. ತೆಂಗಿನ ಸಸಿ ಬಚ್ಚಲುಮನೆಯ ಬಕೆಟ್ಟಿನಲ್ಲಿ ಕೂತು ಒಂದರ ಮೇಲೊಂದು ಗರಿ ಬಿಟ್ಟಿತು. ನಾನು ಮಗುವನ್ನು ನೋಡಲು ಹೋದಾಗಲೆಲ್ಲ ಆ ಗರಿಗಳನ್ನು ಎರಡೂ ಕೈಯಿಂದ ಸರಿಸಿಕೊಂಡು ಕಾಲು ತೊಳೆಯಬೇಕಿತ್ತು.

ಹೆಸರಿಲ್ಲದ ಕಾರಣ ಮಗುವನ್ನು ಒಬ್ಬೊಬ್ಬರು ಒಂದೊಂದು ಕರೆಯುತ್ತಿದ್ದರು. ನಾನು ಪುಟ್ಟಿ, ಬೀಗಿತ್ತಿ ಕೂಸು, ನನ್ನ ಮಗ ಹಿಂದಿಯಲ್ಲಿ ಛೋಟಿ. ಎಲ್ಲದಕ್ಕೂ ಅವಳು ನಗುತ್ತಿದ್ದಳು. ನನಗೆ ಅದನ್ನು ನೋಡಿಯೇ ಹೊಟ್ಟೆ ಉರಿಯುತ್ತಿತ್ತು, ಇಷ್ಟು ಒಳ್ಳೆಯ ನಗು ದಿನವೂ ನನ್ನ ಮನೆಯಲ್ಲಿ ಆಗದೆ ಬದಲಾಪುರದಲ್ಲಿ ಖರ್ಚಾಗುತ್ತಿದೆಯಲ್ಲ ಎಂದು. ಚೂರನ್ನು ಬಿಡಿಸಿ ಜೋಡಿಸುತ್ತಾರೆ ಎಂದಷ್ಟೇ ಅವರಿಗೆ ಹೇಳಿದ್ದೆವು; ಫೋನು ಮಾಡಿದರೆ ಬೀಗಿತ್ತಿಯದು ಎರಡೇ ಪ್ರಶ್ನೆ.

"ಬಿಡಿಸಿದ್ರೇನು?"

"ಬಿಡಿಸಿದ್ರಂತೆ."

"ಜೋಡಿಸಿದ್ರೇನು?"

"ಜೋಡಿಸ್ತಾ ಇದ್ದಾರಂತೆ."

ನಾನು ಹೇಳಿದ್ದು ಸುಳ್ಳಲ್ಲ. ಮಗಳು ಕಂಪ್ಯೂಟರಿನಲ್ಲಿ ಅದನ್ನೇ ಮಾಡುತ್ತಿದ್ದಳು.

ಒಂದು ದಿನ ಬೀಗಿತ್ತಿ ಕಣ್ಣಾರೆ ನೋಡಿಯೇ ಬಿಡುತ್ತೇನೆ ಎಂದರು. ಇಬ್ಬರೂ ಠಾಣೆಯಲ್ಲಿ ಟ್ರೇನು ಬದಲಿಸಿ ನವಿ ಮುಂಬಯಿಗೆ ಹೋದೆವು. ಅವರು ಇಳಕಲ್ ಸೀರೆ ಉಟ್ಟು, ಕೈಯಲ್ಲಿ ಬಾಣಂತಿಗೆ ಕೊಡುವ ಅಂಟಿನುಂಡಿಯ ಡಬ್ಬಿ ಹಿಡಿದಿದ್ದರು. ಗೇಟಿನಲ್ಲಿ ವಾಚ್‌ಮನ್ ತಡೆದ.

"ಕಿಸ್ ಸೇ ಮಿಲ್ನಾ ಹೈ, ಮಾತಾಜಿ?"

ಮೊಮ್ಮಗಳು ಒಳಗಿದ್ದಾಳೆ ಎಂದು ಬೀಗಿತ್ತಿ ತಮ್ಮ ಹಿಂದಿಯಲ್ಲಿ ಹೇಳಿದರು, "ಹಮಾರಾ ಪೋತಿ ಹೈ ಅಂದರ್."

"ಪೋತಿ ಕಾಮ್ ಕರ್ತೀ ಹೈ?"

"ಅಬ್ಬೇ, ತೀನ್ ಮಹೀನೇ ಕಾ ಹೈ. ಪೂರಾ ನಹೀಂ, ಥೋಡಾ ಹೈ."

ಮೂರು ತಿಂಗಳ ಮೊಮ್ಮಗಳು, ಅದೂ ಪೂರ್ತಿಯಲ್ಲ, ಸ್ವಲ್ಪ ಮಾತ್ರ ಒಳಗಿದ್ದಾಳೆ ಎಂದು ಕೇಳಿ ಅವನು ನನ್ನನ್ನು ನೋಡಿದ. ನಾನು ಬೆರಳಿನಿಂದ ಗೋಡಂಬಿಯ ಅಳತೆ ತೋರಿಸಿದೆ. ಅವನು ಎದ್ದು ನಿಂತು ಫೋನು ಮಾಡಿದ.

ಒಳಗೆ ಚಪ್ಪಲಿಗೆ ನೀಲಿ ಚೀಲ, ತಲೆಗೆ ನೀಲಿ ಟೊಪ್ಪಿಗೆ ಹಾಕಿಸಿದರು. ಬೀಗಿತ್ತಿಯ ತುರುಬು ದೊಡ್ಡದು, ಮೇಲೆ ಮಲ್ಲಿಗೆ ದಂಡೆ. ಟೊಪ್ಪಿಗೆ ಎರಡು ಬೇಕಾಯಿತು. ಮಗಳ ಮೇಡಂ ಮರಾಠಿಯವರು, ಒಳ್ಳೆಯ ಹೆಂಗಸು. ನಮ್ಮನ್ನು ಆಜಿ, ಆಜಿ ಎಂದು ಕರೆದು, ಟಿಫಿನ್ ಡಬ್ಬಿಯಷ್ಟು ದೊಡ್ಡ ಒಂದು ಯಂತ್ರವನ್ನು ತೋರಿಸಿ, ಹನಿ ಹನಿ ಮಾಡುವುದು ಇಲ್ಲಿ ಎಂದರು. ಈಗ ಎಲ್ಲಿದೆ ಎಂದು ಬೀಗಿತ್ತಿ ಕೇಳಿದಾಗ ಪಾಪ, ಅವರು ಸ್ವಲ್ಪ ಯೋಚಿಸಿ ಕಂಪ್ಯೂಟರಿನತ್ತ ಕೈ ತೋರಿಸಿದರು. ಪರದೆಯ ಮೇಲೆ ಸಾಲು ಸಾಲು ಅಂಕಿ ಇತ್ತು. ಬೀಗಿತ್ತಿ ಅದರ ಮುಂದೆ ಕೂತು, ಬಹಳ ಹೊತ್ತು ನೋಡಿ, "ಸೊರಗೇತಿ" ಎಂದರು. ಆಮೇಲೆ ಡಬ್ಬಿ ತೆಗೆದು ಒಂದು ಅಂಟಿನುಂಡಿಯನ್ನು ಕೀಬೋರ್ಡಿನ ಪಕ್ಕ ಇಟ್ಟರು. ಒಳಗೆ ತಿನ್ನುವ ಪದಾರ್ಥ ತರಬಾರದೆಂದು ಗೋಡೆಯ ಮೇಲೆ ಬರೆದಿತ್ತು. ಮೇಡಂ ಆ ಬೋರ್ಡನ್ನು ನೋಡಿದರು, ಬೀಗಿತ್ತಿಯನ್ನು ನೋಡಿದರು, ಉಂಡೆಯನ್ನು ಎರಡು ಬೆರಳಿನಿಂದ ಎತ್ತಿಕೊಂಡು ಹೊರಗೆ ಹೋದರು. ತಿರುಗಿ ಬಂದಾಗ ಬಾಯಿ ಆಡುತ್ತಿತ್ತು. ಬೀಗಿತ್ತಿಗೆ ಅಷ್ಟೇ ಸಾಕಾಯಿತು. "ಛಲೋ ಮಂದಿ," ಎಂದರು ಟ್ರೇನಿನಲ್ಲಿ. "ಆದ್ರ ಕೊಡಬೇಕಾದ್ದು ಕೊಡಬೇಕು."

ಮಳೆಗಾಲ ಮುಗಿಯುವ ಹೊತ್ತಿಗೆ ನಕ್ಷೆ ತಯಾರಾಯಿತು. ಮಗಳು ಬದಲಾಪುರಕ್ಕೆ ಫೋನು ಮಾಡಿ, "ಆಂಟಿ, ತರ್ತಾ ಇದ್ದೇನೆ" ಎಂದಳು. ಏನನ್ನು ಎಂದು ಅವಳು ಹೇಳಲಿಲ್ಲ, ಅವರು ಕೇಳಲಿಲ್ಲ. ನಂಬಿ ಅದೇ ಆದಿತ್ಯವಾರ ತೊಟ್ಟಿಲಿಗೆ ದಿನ ಇಟ್ಟು, ಓಣಿಯ ಹೆಂಗಸರನ್ನೆಲ್ಲ ಕರೆದರು. ಮೊದಲು ಗುಂಡಿ, ಆಮೇಲೆ ತೊಟ್ಟಿಲು.

ನಾವು ಹೋದಾಗ ತೊಟ್ಟಿಲಿಗೆ ಹೂವು ಕಟ್ಟಿತ್ತು, ಹೆಂಗಸರು ಹಾಡಿಗೆ ಗಂಟಲು ಸರಿಮಾಡಿಕೊಳ್ಳುತ್ತಿದ್ದರು, ತಗಡು ಸರಿಸಿ ಕಪ್ಪೆಗಳನ್ನು ಎಬ್ಬಿಸಿ ಆಗಿತ್ತು. ಮಗಳು ಬ್ಯಾಗಿನಿಂದ ನಕ್ಷೆ ತೆಗೆದು ಬೀಗಿತ್ತಿಯ ಕೈಗೆ ಕೊಟ್ಟಳು. ಬಿಳಿ ಕಾಗದದ ತುಂಬ ಚುಕ್ಕಿ. ಕೆಂಪು ಚುಕ್ಕಿಗಳ ದೊಡ್ಡ ದೊಡ್ಡ ಗುಂಪು, ಹಸಿರು ಚುಕ್ಕಿಗಳ ಬೇರೆ ಗುಂಪು.

"ಇದು ಫೋಟೋ," ಎಂದರು ಬೀಗಿತ್ತಿ. ಓಣಿಯ ಹೆಂಗಸರು ಕತ್ತು ಚಾಚಿ ನೋಡಿದರು. ಮಗು ಸೊಸೆಯ ತೊಡೆಯ ಮೇಲೆ ಹೊಸ ಅಂಗಿ ಹಾಕಿಕೊಂಡು ಮಲಗಿತ್ತು; ಈ ದಿನವೂ ಬಿಟ್ಟೇ ಹೋಗಬೇಕೇನೋ ಎಂದು ನನಗೆ ಅಳು ಬಂತು.

"ಫೋಟೋ ಅಲ್ಲ ಆಂಟಿ. ಒಂದೊಂದು ಚುಕ್ಕಿಯೂ ಆ ಚೂರಿನ ಒಂದೊಂದು ಜೀವಕೋಶ. ಅದು ಹೇಳಿದ್ದನ್ನು ಕೇಳಿಯೇ ಅದರ ಜಾಗದಲ್ಲಿ ಕೂರಿಸಿದ್ದು."

"ಕೆಂಪು ಯಾರವು?"

"ಮಗುವಿನವು."

"ಹಸಿರು?"

"ತಾಯಿಯವು. ಮಾಸು ಅಂದ್ರೆ ತಾಯಿ ಮಗು ಇಬ್ಬರೂ ಸೇರಿ ಆದದ್ದು. ಬಿಡಿಸಿ ಕೇಳಿದಾಗಲೇ ಯಾವುದು ಯಾರದ್ದು ಅಂತ ಗೊತ್ತಾಗುದು."

ಬೀಗಿತ್ತಿ ನೆಟ್ಟಗೆ ಕೂತರು. "ತಾಯಿ ಅಂದ್ರ ನನ್ನ ಮಗಳು."

"ಹೌದು."

"ಹಂಗಾರ ಹಸಿರು ಪೂರಾ ನಮ್ಮದು."

"ಹಾಂ... ಹೌದು."

"ಕೆಂಪಿನಾಗೂ ಅರ್ಧ ನಮ್ಮದು."

ನನಗೆ ತಡೆಯಲಾಗಲಿಲ್ಲ. "ಆ ಇನ್ನರ್ಧ ನಮ್ಮದು!" ಎಂದೆ.

"ಯಾರ್ ಇಲ್ಲಂದ್ರು ಬೀಗತಿ? ಕೆಂಪಿನಾಗ ಅರ್ಧ ನಿಮ್ಮದು. ಹಸಿರಿನಾಗ ನಿಮ್ಮದು ಏನೂ ಇಲ್ಲ."

ಮಗಳು, ಚುಕ್ಕಿಗಳಲ್ಲಿ ಅರ್ಧ ಅಲ್ಲ, ಒಂದೊಂದು ಚುಕ್ಕಿಯ ಒಳಗೂ ಅರ್ಧರ್ಧ ಎಂದು ಬಿಡಿಸಿ ಹೇಳಿದಳು. ಆಗ ಬೀಗಿತ್ತಿ ಚಶ್ಮಾ ಹಾಕಿಕೊಂಡು ಚುಕ್ಕಿಯ ನಡುವೆ ಗೆರೆ ಹುಡುಕಿದರು. ನಮ್ಮ ಯಜಮಾನರು ಸೊಸೈಟಿಯ ಚುನಾವಣೆಯ ಫಲಿತಾಂಶ ಹೇಳುವ ಹಾಗೆ, "ಒಟ್ಟಿನಲ್ಲಿ ಬಹುಮತ ನಿಮ್ಮದೇ" ಎಂದರು. ಬೀಗಿತ್ತಿ ಆ ಕಾಗದವನ್ನು ಓಣಿಯ ಹೆಂಗಸರಿಗೆಲ್ಲ ತೋರಿಸಿದರು. ಹಸಿರಿನ ಮೇಲೆ ಬೆರಳಿಟ್ಟು ತೋರಿಸಿದರು. ಒಬ್ಬಾಕೆ ಹಸಿರು ಬಹಳ ಚೆಂದ ಐತಿ ಎಂದಳು. ಆಮೇಲೆ ಬೀಗಿತ್ತಿ ಎದ್ದರು.

"ಮುಟ್ಟಿತು. ನಡೀರಿ, ಹೂಳೂಣು."

"ನಕ್ಷೆಯನ್ನಾ?" ಎಂದಳು ಮಗಳು.

"ಮತ್ತ? ಗ್ವಾಡಿಗೆ ಹಾಕ್ಲಿಕ್ಕೆ ತಂದೀಯೇನು?"

ಗುಂಡಿಯ ಬಾಯಿಯವರೆಗೆ ಹೋಗಿ ಬೀಗಿತ್ತಿ ಕಾಗದವನ್ನು ಬಗ್ಗಿಸಿ ನೋಡಿದರು. ಅದು ಬಗ್ಗಲಿಲ್ಲ. ಹಾಳಾಗದಿರಲಿ ಎಂದು ನಮ್ಮ ಯಜಮಾನರು ಅದನ್ನು ಹೋಟೆಲಿನ ಮೆನು ಕಾರ್ಡಿಗೆ ಮಾಡಿಸುವ ಅಂಗಡಿಯಲ್ಲೇ ಲ್ಯಾಮಿನೇಷನ್ ಮಾಡಿಸಿದ್ದರು.

"ಪ್ಲಾಸ್ಟಿಕ್ ಐತಿ ಇದು. ಮಣ್ಣು ತಿನ್ನಂಗಿಲ್ಲ."

"ಐವತ್ತು ವರ್ಷ ಗ್ಯಾರಂಟಿ," ಎಂದರು ಯಜಮಾನರು, ಹೆಮ್ಮೆಯಿಂದ.

"ಗ್ಯಾರಂಟಿ ಯಾಕ ಬೇಕ್ರಿ ಮಣ್ಣಾಗ ಹೋಗೂದಕ್ಕ?"

ರಾಹುಕಾಲ ಹತ್ತಿರ ಬರುತ್ತಿತ್ತು. ನನ್ನ ಮಗ ನಕ್ಷೆಯನ್ನು ಕಿತ್ತುಕೊಂಡು ಬೈಕಿನಲ್ಲಿ ಸ್ಟೇಷನ್ನಿನ ಝೆರಾಕ್ಸ್ ಅಂಗಡಿಗೆ ಓಡಿದ. ಹೆಂಗಸರು ಕಾದು ಕಾದು ಒಂದು ಹಾಡನ್ನು ಗುಂಡಿಗೇ ಹೇಳಿ ಮುಗಿಸಿದರು. ಮಗ ಏದುಸಿರು ಬಿಡುತ್ತಾ ಬಂದು, "ಕಲರ್ ಮಶೀನ್ ಬಂದ್ ಹೈ" ಎಂದು ಒಂದು ಬಿಳಿ-ಕಪ್ಪು ಝೆರಾಕ್ಸ್ ಕೊಟ್ಟ. ಕೆಂಪೂ ಇಲ್ಲ, ಹಸಿರೂ ಇಲ್ಲ. ಎಲ್ಲ ಚುಕ್ಕಿಗಳೂ ಒಂದೇ ಥರ ಕಪ್ಪು, ಎಳ್ಳು ಚೆಲ್ಲಿದ ಹಾಗೆ.

ಬೀಗಿತ್ತಿ ಅದನ್ನು ದೂರ ಹಿಡಿದರು, ಹತ್ತಿರ ಹಿಡಿದರು. "ನಮ್ಮವು ಎಲ್ಲಿ?" ಮಗಳು ಒಂದು ಗುಂಪಿನತ್ತ ಬೆರಳು ಒಯ್ದು, ಅನುಮಾನಿಸಿ, ಇನ್ನೊಂದಕ್ಕೆ ಒಯ್ದಳು. ಅವಳಿಗೂ ತಿಳಿಯಲಿಲ್ಲ. ಎಲ್ಲರೂ ಬೀಗಿತ್ತಿಯ ಮುಖ ನೋಡಿದೆವು. ಅಷ್ಟರಲ್ಲಿ ಒಳಗೆ ಮಗು ಎದ್ದು ಹಸಿವೆಗೆ ಒಂದು ಕೂಗು ಹಾಕಿತು.

"ಇರ್ಲಿ ತಗೀರಿ," ಎಂದರು ಅವರು. "ಮಣ್ಣಾಗ ಬಣ್ಣ ಯಾರ್ ನೋಡ್ತಾರ." ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಮೇಲೆ ಅರಿಶಿನ ಕುಂಕುಮ ಹಾಕಿ, ಗಡಿಗೆಯ ಮೇಲಿಟ್ಟು ಮಣ್ಣು ಎಳೆದರು. ಬೀಗರು ಬಚ್ಚಲುಮನೆಯಿಂದ ತೆಂಗಿನ ಸಸಿ ಹೊತ್ತು ತಂದರು. ಅದು ಆಗಲೇ ಅವರ ಭುಜದ ಎತ್ತರ ಬಂದಿತ್ತು.

ಹೆಸರು ಹೇಳುವ ಹಕ್ಕು ಸೋದರತ್ತೆಯದು. ನನ್ನ ಮಗಳು ತೊಟ್ಟಿಲಿಗೆ ಬಗ್ಗಿ ಮಗುವಿನ ಕಿವಿಗೆ ಬಾಯಿಟ್ಟಳು. ಅವರ ಪದ್ಧತಿಯಲ್ಲಿ ಆಗ ಹೆಂಗಸರೆಲ್ಲ ಅತ್ತೆಯ ಬೆನ್ನಿಗೆ ಗುದ್ದಬೇಕು. ಓಣಿಯವರು ಮೆಲ್ಲಗೆ ಮುಟ್ಟಿದರು. ಬೀಗಿತ್ತಿ ಬಳೆ ಹಿಂದಕ್ಕೆ ಸರಿಸಿಕೊಂಡು, ಒಂದು ಇಡೀ ಮಳೆಗಾಲ ಕಾದದ್ದನ್ನು ಒಂದೇ ಗುದ್ದಿನಲ್ಲಿ ಕೊಟ್ಟರು. ಪಿಸುಮಾತಿನಲ್ಲಿ ಹೋಗಬೇಕಾದ ಹೆಸರು ಮಗಳ ಬಾಯಿಯಿಂದ ಓಣಿಗೆಲ್ಲ ಕೇಳಿಸುವ ಹಾಗೆ ಹಾರಿತು. ಮಗು ಬೆಚ್ಚಿ, ಕಣ್ಣು ಅರಳಿಸಿ, ನಕ್ಕುಬಿಟ್ಟಿತು.

ಮರುದಿನ ನಾವು ಕಾರು ಮಾಡಿಕೊಂಡು ಹೊರಟೆವು. ಮಗು ನನ್ನ ಮಡಿಲಲ್ಲಿ. ಉಲ್ಲಾಸನಗರ ದಾಟುವ ಮೊದಲೇ ನನ್ನ ಸೀರೆಯನ್ನು ಚೆನ್ನಾಗಿ ಒದ್ದೆ ಮಾಡಿದಳು. ಸೊಸೆ "ಅತ್ತಿ, ಕೊಡ್ರಿ, ಬಟ್ಟಿ ಬದಲಿಸ್ತೀನಿ" ಎಂದು ಕೈ ಚಾಚಿದಳು. ಬೇಡ, ಮನೆಗೆ ಹೋದ ಮೇಲೆ ನೋಡುವಾ ಎಂದೆ. ಡೊಂಬಿವಲಿ ಬರುವ ತನಕ ನಾನು ಅವಳನ್ನು ಯಾರ ಕೈಗೂ ಕೊಡಲಿಲ್ಲ.